ಅಪ್‌ಡೇಟ್: ಮಗಳ ಜ್ವರ ಬಿಟ್ಟಿತು, ಬೆನ್ನಿಗೇ ದದ್ದು ಬಂತು

ಹದಿನಾಲ್ಕು ತಿಂಗಳ ಮಗಳಿಗೆ ಮೊದಲ ಸಲ ಜ್ವರ, 39.5 ಡಿಗ್ರಿ ಸೆಲ್ಸಿಯಸ್‌ವರೆಗೂ ಏರುತ್ತಿದೆ, ಕೆಮ್ಮು ನೆಗಡಿ ಏನೂ ಇಲ್ಲ ಎಂದು ಗಾಬರಿಯಿಂದ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು.

ನಾಲ್ಕನೆಯ ದಿನ ಬೆಳಿಗ್ಗೆ ಜ್ವರ ಥಟ್ಟನೆ ಬಿಟ್ಟಿತು. ಉಸಿರು ಬಿಡುವಷ್ಟರಲ್ಲಿ ಎದೆ, ಬೆನ್ನಿನ ತುಂಬ ನಸುಗೆಂಪು ದದ್ದು! ಔಷಧಿಯ ಅಲರ್ಜಿಯೇ ಇರಬೇಕೆಂದು ಮತ್ತೆ ವೈದ್ಯರ ಬಳಿಗೆ ಓಡಿದೆವು. ಅವರು ನೋಡಿ ನಕ್ಕರು. ರೋಸಿಯೋಲಾ ಅಂತೆ, ಎರಡು ವರ್ಷದೊಳಗಿನ ಮಕ್ಕಳಲ್ಲಿ ಸಾಮಾನ್ಯವಾದ ವೈರಸ್ ಸೋಂಕು. ಜ್ವರ ಇಳಿದ ಮೇಲೆ ದದ್ದು ಏಳುವುದೇ ಅದರ ಗುರುತು. ಆಂಟಿಬಯಾಟಿಕ್ ಬೇಕಾಗಲಿಲ್ಲ.

ಬೈಸಿಕೊಂಡದ್ದನ್ನೂ ಹೇಳಿಬಿಡುತ್ತೇನೆ. ಪ್ಯಾರಾಸಿಟಮಾಲ್ ಅನ್ನು ವಯಸ್ಸಿನ ಅಂದಾಜಿನಲ್ಲಿ, ಅದೂ ಅಡುಗೆಮನೆಯ ಚಮಚದಲ್ಲಿ ಕೊಡುತ್ತಿದ್ದೆ. ಮಗುವಿನ ತೂಕಕ್ಕೆ ತಕ್ಕಂತೆ, ಬಾಟಲಿಯ ಜೊತೆ ಬರುವ ಅಳತೆಯಲ್ಲೇ ಕೊಡಬೇಕಿತ್ತು. ಮಲಗಿದ್ದವಳನ್ನು ಎಬ್ಬಿಸಿ ಥರ್ಮಾಮೀಟರ್ ಇಟ್ಟದ್ದಂತೂ ಶುದ್ಧ ಹುಚ್ಚು.

ಡಿಗ್ರಿ ಎಣಿಸುವುದನ್ನು ಬಿಟ್ಟು ಒದ್ದೆಯಾದ ಡೈಪರ್ ಎಣಿಸಿ ಎಂದವರಿಗೆ ವಿಶೇಷ ಕೃತಜ್ಞತೆ. ಮೈಯಲ್ಲಿ ನೀರಿನಂಶ ಕಡಿಮೆಯಾಗಿಲ್ಲ ಎಂಬ ಧೈರ್ಯ ಬಂದದ್ದು ಅದರಿಂದಲೇ.

ದದ್ದು ಎರಡೇ ದಿನಕ್ಕೆ ಮಾಯವಾಯಿತು. ಮಗಳು ಈಗ ಅದೇ ಥರ್ಮಾಮೀಟರನ್ನು ನನ್ನ ಕಿವಿಗೆ ತುರುಕುತ್ತಿದ್ದಾಳೆ.