ಎತ್ತಿನ ಚರ್ಮದ ದೋಣಿ ಹಿಮಗಡಲನ್ನು ದಾಟಿದ್ದು ಅದೃಷ್ಟದಿಂದಲೋ, ಚರ್ಮದ ಗುಣದಿಂದಲೋ?

ಪ್ರಶ್ನೆ: ಹಲಸೂರು ದಂಡೆ

ಊಟದ ಬಿಡುವಿನಲ್ಲಿ ಕಚೇರಿಯ ಗೆಳೆಯರೊಬ್ಬರೊಂದಿಗೆ ಶುರುವಾದ ವಾದವೊಂದು ಒಂದು ವಾರ ಕಳೆದರೂ ಬಗೆಹರಿಯದ ಕಾರಣ ಇಲ್ಲಿ ಕೇಳುತ್ತಿದ್ದೇನೆ. ಆರನೆಯ ಶತಮಾನದ ಐರಿಷ್ ಸನ್ಯಾಸಿ ಸಂತ ಬ್ರೆಂಡನ್ ಚರ್ಮದ ದೋಣಿಯಲ್ಲಿ ಪಶ್ಚಿಮದ ಕಡಲನ್ನು ದಾಟಿದನೆಂಬ ಹಳೆಯ ಕಥೆ ನಡೆಯಬಹುದಾದದ್ದೇ ಎಂದು ಪರೀಕ್ಷಿಸಲು, ಅಸ್ಸಾಮಿನಲ್ಲಿ ಹುಟ್ಟಿದ ಬ್ರಿಟಿಷ್ ಸಾಹಸಿ ಟಿಮ್ ಸೆವೆರಿನ್ 36 ಅಡಿ ಉದ್ದದ ಅಂಥದೇ ದೋಣಿಯೊಂದನ್ನು ಕಟ್ಟಿಸಿದರು. 1976ರ ಮೇ 17ರಂದು ಐರ್ಲೆಂಡಿನ ಕೆರ್ರಿ ತೀರದಿಂದ ಹೊರಟು, ಫೇರೋ ದ್ವೀಪಗಳನ್ನು ಮುಟ್ಟಿ, ಚಳಿಗಾಲದುದ್ದಕ್ಕೂ ದೋಣಿಯನ್ನು ಐಸ್‌ಲ್ಯಾಂಡಿನಲ್ಲಿ ಇರಿಸಿ, ಮರುವರ್ಷ ಗ್ರೀನ್‌ಲ್ಯಾಂಡಿನ ಪಕ್ಕದಿಂದ ಸಾಗಿ 1977ರ ಜೂನ್ 26ರಂದು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಬಳಿಯ ಪೆಕ್‌ಫರ್ಡ್ ದ್ವೀಪಕ್ಕೆ ಇಳಿದರು.

ಇದು ಹುಚ್ಚು ಸಾಹಸ, ಬದುಕಿ ಬಂದದ್ದು ಬರಿಯ ಅದೃಷ್ಟ ಎಂದು ಗೆಳೆಯರು ಹೇಳುತ್ತಾರೆ. ಪ್ರತಿ ಮಳೆಗಾಲದಲ್ಲೂ ನನ್ನ ಚರ್ಮದ ಚಪ್ಪಲಿಗೆ ಆಗುವ ಗತಿಯನ್ನು ನೆನೆದರೆ ನನಗೂ ಹಾಗೆಯೇ ಅನ್ನಿಸುತ್ತದೆ. ತಿಂಗಳುಗಟ್ಟಲೆ ನೀರಿನಲ್ಲಿದ್ದ ಚರ್ಮ ಕೊಳೆಯಲಿಲ್ಲವೇಕೆ? ಮಂಜುಗಡ್ಡೆ ಅದನ್ನು ಸೀಳಲಿಲ್ಲವೇಕೆ?

ಉತ್ತರ: ತೊಗಟೆ

ಶಿವಾಜಿನಗರದಲ್ಲಿ ನಮ್ಮ ತಂದೆಯವರ ಕಾಲದಿಂದಲೂ ಚರ್ಮದ ವ್ಯಾಪಾರ ಮಾಡಿಕೊಂಡಿರುವವನಾಗಿ ಮೊದಲನೆಯ ಪ್ರಶ್ನೆಗೆ ಉತ್ತರಿಸುತ್ತೇನೆ. ತಮ್ಮ ಚಪ್ಪಲಿ ಮಳೆಯಲ್ಲಿ ಕೆಡುವುದು ಬಹುಪಾಲು ಅಂಟು ಬಿಡುವುದರಿಂದ. ಆ ತಪ್ಪನ್ನು ಚರ್ಮದ ತಲೆಗೆ ಕಟ್ಟಬಾರದು. ಸೆವೆರಿನ್ ದೋಣಿಗೆ ಹೊದಿಸಿದ್ದು 49 ಎತ್ತುಗಳ ಚರ್ಮ. ಅದನ್ನು ಓಕ್ ಮರದ ತೊಗಟೆಯ ರಸದಲ್ಲಿ ತಿಂಗಳುಗಟ್ಟಲೆ ನೆನೆಸಿ ಹದ ಮಾಡಿದ್ದರು. ನಮ್ಮ ಕಡೆ ಹಿಂದೆ ತಂಗಡಿ ತೊಗಟೆಯಿಂದ ಮಾಡುತ್ತಿದ್ದ ಕೆಲಸವೂ ಇದೇ ಜಾತಿಯದು. ಹದವಾದ ಮೇಲೆ ಕುರಿಯ ಉಣ್ಣೆಯಿಂದ ತೆಗೆದ ಜಿಡ್ಡನ್ನು ಚರ್ಮಕ್ಕೆ ಚೆನ್ನಾಗಿ ಉಣ್ಣಿಸಿದ್ದರು, ಮತ್ತು ನನ್ನ ಮಟ್ಟಿಗೆ ಇಡೀ ಪ್ರಯಾಣದ ಗುಟ್ಟು ಇರುವುದು ಅಲ್ಲಿ: ಉತ್ತರದ ಕೊರೆಯುವ ನೀರು ಜಿಡ್ಡನ್ನು ಗಟ್ಟಿಯಾಗಿ ಹಿಡಿದಿಡುತ್ತದೆ, ಅದೇ ಬೆಚ್ಚಗಿನ ಕಡಲಾದರೆ ಜಿಡ್ಡು ಕರಗಿ ಮೆಲ್ಲಮೆಲ್ಲನೆ ಹೊರಟುಹೋಗಿ ಚರ್ಮ ಬಡವಾಗುತ್ತದೆ. ಎಲ್ಲರೂ ಹೆದರುವ ಆ ಚಳಿಯೇ ದೋಣಿಯನ್ನು ಕಾಪಾಡಿತು.

ಉತ್ತರ: ಆನೆಗೊಂದಿಯವನು

ನಾನು ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷವಾದರೂ ಹುಟ್ಟಿದ್ದು ತುಂಗಭದ್ರೆಯ ದಂಡೆಯಲ್ಲಿ. ಚರ್ಮದ ದೋಣಿ ನಮಗೆ ಹೊಸದಲ್ಲ. ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಬುಟ್ಟಿಯಂತೆ ದುಂಡಗಿದ್ದು ಒಳಗೆ ಬೆತ್ತ, ಹೊರಗೆ ಚರ್ಮ ಇರುವ ದೋಣಿಗಳಲ್ಲಿ ಹದಿನೈದಿಪ್ಪತ್ತು ಜನ ಹೊಳೆ ದಾಟುತ್ತಿದ್ದರೆಂದು ಬರೆದಿದ್ದಾನೆ. ಹರಿಗೋಲು ಬಂಡೆಗೆ ತಾಗಿದಾಗ ಅದರ ಮೈ ಒಳಕ್ಕೆ ಬಾಗಿ ಮತ್ತೆ ಹೊರಕ್ಕೆ ಬರುವುದನ್ನು ಚಿಕ್ಕಂದಿನಲ್ಲಿ ಕಾಲಡಿಯಲ್ಲೇ ಅನುಭವಿಸಿದ್ದೇನೆ. ಸೆವೆರಿನ್ನರ ದೋಣಿಯೂ ಹಾಗೆಯೇ. ಅದರ ಮರದ ಹಂದರಕ್ಕೆ ಮೊಳೆ ಹೊಡೆಯದೆ ಚರ್ಮದ ಬಾರುಗಳಿಂದ ಬಿಗಿದಿದ್ದ ಕಾರಣ, ಅಲೆ ಬಂದಾಗಲೆಲ್ಲ ಇಡೀ ದೋಣಿಯೇ ಬಳುಕುತ್ತಿತ್ತು.

ಆದರೆ ಮಂಜುಗಡ್ಡೆ ಅದನ್ನು ಸೀಳಲಿಲ್ಲ ಎಂಬುದು ತಪ್ಪು, ಸೀಳಿತು. ಲ್ಯಾಬ್ರಡಾರ್ ಬಳಿ ಮಂಜಿನ ಹಾಸುಗಳ ನಡುವೆ ಸಿಕ್ಕಿಕೊಂಡ ರಾತ್ರಿ ಚರ್ಮ ಹರಿದು ನೀರು ನುಗ್ಗತೊಡಗಿ, ಬೆಳಗಾಗುವವರೆಗೆ ಸರದಿಯ ಮೇಲೆ ಪಂಪು ಹೊಡೆಯುತ್ತಲೇ ಇರಬೇಕಾಯಿತು. ಹರಿದ ಜಾಗ ಸಿಕ್ಕಿದ ಮೇಲೆ ಸೆವೆರಿನ್ನರ ಸಹಯಾತ್ರಿ ಜಾರ್ಜ್ ಮೊಲೊನಿ ದೋಣಿಯ ಹೊರಮಗ್ಗುಲಿಗೆ ಜೋತುಬಿದ್ದು, ಮಂಜುಗಡ್ಡೆ ತೇಲುವ ನೀರು ಅಲೆಅಲೆಗೂ ತಲೆಯ ಮೇಲೆ ಹಾಯುತ್ತಿದ್ದಂತೆಯೇ ಸೂಜಿಯನ್ನು ಕಾಲು ಅಂಗುಲ ದಪ್ಪದ ಚರ್ಮಕ್ಕೆ ಹೊರಗಿನಿಂದ ಚುಚ್ಚಿದರು; ಸೆವೆರಿನ್ ಒಳಗಿನಿಂದ ಇಕ್ಕಳದಲ್ಲಿ ಅದನ್ನು ಹಿಡಿದೆಳೆದರು. ಹೀಗೆ ಒಂದೊಂದೇ ಹೊಲಿಗೆ ಹಾಕಿ ಚರ್ಮದ ತೇಪೆಯನ್ನು ಕೂಡಿಸಿದರು. ಹಲಗೆ ಒಡೆದಿದ್ದರೆ ನಡುಗಡಲಿನಲ್ಲಿ ಯಾವ ಬಡಗಿ ಬರುತ್ತಿದ್ದ?

ಉತ್ತರ: ಸಂಶಯಾತ್ಮ

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ಕೇಳಿದವರ ಗೆಳೆಯರನ್ನು ಪೂರ್ತಿ ಸೋಲಿಸಿಬಿಡುವುದು ನ್ಯಾಯವಲ್ಲ. ದಾಟಲು ಸಾಧ್ಯವೆಂದು ತೋರಿಸಿದ ಮಾತ್ರಕ್ಕೆ ಬ್ರೆಂಡನ್ ದಾಟಿದನೆಂದು ಆಗುವುದಿಲ್ಲ. ಸೆವೆರಿನ್ನರ ಬಳಿ ರೇಡಿಯೊ ಇತ್ತು, ಸನ್ಯಾಸಿಗಳ ಬಳಿ ಪ್ರಾರ್ಥನೆಯಷ್ಟೇ.

ಅದೃಷ್ಟದ ಪಾಲಿಗೆ ಇನ್ನೊಂದು ಉದಾಹರಣೆ ಕೊಡುತ್ತೇನೆ. ಉತ್ತರ ಧ್ರುವದತ್ತ ಹೊರಟು ಹಿಂದಿರುಗುತ್ತಿದ್ದ ನಾರ್ವೆಯ ನಾನ್ಸೆನ್ ಮತ್ತು ಯೋಹಾನ್ಸೆನ್ 1896ರ ಜೂನ್‌ನಲ್ಲಿ ಫ್ರಾಂಜ್ ಜೋಸೆಫ್ ದ್ವೀಪಗಳ ನಡುವೆ, ಬಿದಿರಿನ ಹಂದರಕ್ಕೆ ಹಾಯಿಬಟ್ಟೆ ಹೊದಿಸಿದ ಕಿರುದೋಣಿಗಳಲ್ಲಿ ಸಾಗುತ್ತಿದ್ದರು. ವಾಲ್ರಸ್ ಎಂಬ ಉದ್ದ ಕೋರೆಹಲ್ಲಿನ ಕಡಲಪ್ರಾಣಿಯೊಂದು ನಾನ್ಸೆನ್ನರ ದೋಣಿಯನ್ನು ತಿವಿದು ಹರಿಯಿತು. ಬಟ್ಟೆ ಹೊಲಿಯಲು, ನೆನೆದ ಸಾಮಾನು ಒಣಗಿಸಲು ದಡದಲ್ಲಿ ತಂಗಿದ್ದಾಗಲೇ ಜೂನ್ 17ರಂದು ನಾಯಿ ಬೊಗಳಿದ ಸದ್ದು ಕೇಳಿಸಿ, ಅಲ್ಲಿ ಬೀಡುಬಿಟ್ಟಿದ್ದ ಇಂಗ್ಲಿಷ್ ಅನ್ವೇಷಕ ಜಾಕ್ಸನ್ ಎದುರಾದರು. ದೋಣಿ ಹರಿಯದಿದ್ದರೆ ಅವರು ಆ ಜಾಗವನ್ನು ಬಿಟ್ಟು ಮುಂದೆ ಹೋಗಿರುತ್ತಿದ್ದರು. ಇದನ್ನು ಬಟ್ಟೆಯ ಗುಣವೆನ್ನುತ್ತೀರೋ, ವಾಲ್ರಸ್ಸಿನ ಕೃಪೆಯೆನ್ನುತ್ತೀರೋ ನೀವೇ ಹೇಳಿ.

ಮರುಮಾತು: ಹಲಸೂರು ದಂಡೆ

ಎಲ್ಲರಿಗೂ ಧನ್ಯವಾದಗಳು. ಶಿವಾಜಿನಗರದ ಮಹನೀಯರ ಮಾತು ಓದಿ, ತೊಗಟೆಯಲ್ಲಿ ಹದ ಮಾಡಿದ ಚರ್ಮದ ಎರಡು ತುಂಡುಗಳನ್ನು ತಂದೆ. ಒಂದಕ್ಕೆ ಔಷಧದ ಅಂಗಡಿಯಲ್ಲಿ ಸಿಗುವ ಉಣ್ಣೆ ಜಿಡ್ಡನ್ನು ಬಿಸಿ ಮಾಡಿ ತಿಕ್ಕಿ, ಇನ್ನೊಂದನ್ನು ಹಾಗೆಯೇ ಬಿಟ್ಟು, ಎರಡನ್ನೂ ಉಪ್ಪುನೀರಿನಲ್ಲಿ ಮೂರು ದಿನ ನೆನೆಸಿ ಫ್ರೀಜರಿನಲ್ಲಿ ಬಟಾಣಿ ಪೊಟ್ಟಣದ ಪಕ್ಕ ಇಟ್ಟೆ. ಬರಿಯ ಚರ್ಮ ನೀರು ಕುಡಿದು ಹಲಗೆಯಂತೆ ಸೆಟೆದುಕೊಂಡಿತ್ತು. ಜಿಡ್ಡಿನ ತುಂಡು ಬಿಗಿಯಾಗಿತ್ತಾದರೂ ಎರಡೂ ಕೈಯಿಂದ ಒತ್ತಿದಾಗ ಬಾಗಿತು, ಬಿರುಕು ಬಿಡಲಿಲ್ಲ. ನಾಳೆ ಅದನ್ನು ಕಚೇರಿಗೆ ಒಯ್ಯುತ್ತೇನೆ. ಫ್ರೀಜರಿನಿಂದ ಕುರಿಯ ವಾಸನೆ ಹೋಗುವ ಉಪಾಯ ಯಾರಿಗಾದರೂ ಗೊತ್ತಿದ್ದರೆ ಮನೆಯವರ ಪರವಾಗಿ ಕೇಳುತ್ತಿದ್ದೇನೆ.