‘ಅಪಹರಣ’ ಅನ್ನಲೇ, ‘ಎರವಲು’ ಅನ್ನಲೇ?

ಎಲ್ಲರಿಗೂ ನಮಸ್ಕಾರ.

ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಕಲ್ಚರಲ್ ಅಪ್ರೋಪ್ರಿಯೇಶನ್’ ಎಂಬಲ್ಲಿ ಬಂಡಿ ನಿಂತಿದೆ. ಒಂದು ಸಮುದಾಯದ ಉಡುಗೆ, ಅಲಂಕಾರ, ಆಚಾರಗಳನ್ನು ಹೊರಗಿನವರು, ಹೆಚ್ಚಾಗಿ ಬಲವುಳ್ಳವರು, ಎತ್ತಿಕೊಂಡು ಬಳಸುವುದಕ್ಕೆ ಇಂಗ್ಲಿಷಿನಲ್ಲಿ ಹೀಗನ್ನುತ್ತಾರೆ. ಅದರ ಜೋಡಿಯಾಗಿ ಬರುವ ‘ಅಪ್ರಿಸಿಯೇಶನ್’ಗೆ ‘ಮೆಚ್ಚುಗೆ’ ಸಾಕು. ಮೊದಲನೆಯದಕ್ಕೆ ‘ಸಾಂಸ್ಕೃತಿಕ ಅಪಹರಣ’ ಎಂದು ಬರೆದಿದ್ದೆ; ಕರಡು ಓದಿದರೆ ಅರ್ಧ ಲೇಖನವೇ ಕೆಟ್ಟಿತ್ತು.

ಪ್ರಸಂಗ ಇದು. 2020ರ ಆಗಸ್ಟ್ ಕೊನೆ. ಕೋವಿಡ್‌ನಿಂದಾಗಿ ಲಂಡನ್ನಿನ ನಾಟಿಂಗ್ ಹಿಲ್ ಕಾರ್ನಿವಲ್ ಆ ವರ್ಷ ಬೀದಿಗಿಳಿಯಲಿಲ್ಲ. ಕೆರಿಬಿಯನ್ ದ್ವೀಪಗಳಿಂದ ಬಂದು ನೆಲೆಸಿದವರು ಬೆಳೆಸಿದ ಹಬ್ಬ ಅದು. ಅದರ ನೆನಪಿಗೆಂದು ಬ್ರಿಟನ್ನಿನ ಬಿಳಿಯ ಗಾಯಕಿ ಅಡೆಲ್, ಜಮೈಕಾ ಬಾವುಟದ ಬಿಕಿನಿ ತೊಟ್ಟು, ತಲೆತುಂಬ ಪುಟ್ಟ ಪುಟ್ಟ ತುರುಬು ಕಟ್ಟಿಕೊಂಡು ಇನ್‌ಸ್ಟಾಗ್ರಾಂನಲ್ಲಿ ಚಿತ್ರ ಹಾಕಿದರು. ಆಫ್ರಿಕಾ ಮೂಲದ ಆ ಕೇಶವಿನ್ಯಾಸಕ್ಕೆ ಬಂಟು ನಾಟ್ಸ್ ಅನ್ನುತ್ತಾರೆ. ಅಮೆರಿಕದ ಕಪ್ಪು ಜನರಲ್ಲಿ ಅನೇಕರು ಸಿಟ್ಟಾದರು. ಜಮೈಕಾದವರು, ಕಪ್ಪು ಬ್ರಿಟಿಷರು ಬಹಳ ಮಂದಿ ‘ನಮ್ಮ ಹಬ್ಬಕ್ಕೆ ನಮ್ಮ ಹಾಗೆ ಸಿಂಗರಿಸಿಕೊಂಡರೆ ತಪ್ಪೇನು’ ಎಂಬ ಧಾಟಿಯಲ್ಲಿ ಉತ್ತರಿಸಿದರು. ಅಡೆಲ್ ಹುಟ್ಟಿದ, ಲಂಡನ್ನಿನ ಟಾಟನ್‌ಹ್ಯಾಮ್‌ನ ಸಂಸದ ಡೇವಿಡ್ ಲ್ಯಾಮಿ ಬಹಿರಂಗವಾಗಿಯೇ ಆಕೆಯ ಪರ ನಿಂತರು. ಲ್ಯಾಮಿಯೂ ಕಪ್ಪು ಬ್ರಿಟಿಷರೇ, ಅವರ ತಂದೆತಾಯಿ ಗಯಾನಾದವರು.

ಅಮೆರಿಕದವರ ಸಿಟ್ಟು ಸುಮ್ಮನೆ ಬಂದದ್ದಲ್ಲ. ಕಪ್ಪು ಜನರ ಇಂಥ ಜಡೆ, ತುರುಬಿನ ಕಾರಣಕ್ಕೆ ಶಾಲೆಯಲ್ಲಿ, ಕೆಲಸದಲ್ಲಿ ಭೇದ ಮಾಡಬಾರದೆಂದು ಕ್ಯಾಲಿಫೋರ್ನಿಯಾ ಕಾನೂನು ಮಾಡಬೇಕಾಗಿ ಬಂದದ್ದು 2019ರಲ್ಲಿ, ಅಂದರೆ ಮೊನ್ನೆ ಮೊನ್ನೆ. ತನಗೆ ಕೆಲಸ ತಪ್ಪಿಸಿದ ತುರುಬೇ ಇನ್ನೊಬ್ಬಳಿಗೆ ಒಂದು ಸಂಜೆಯ ಅಲಂಕಾರವಾದರೆ ಹೊಟ್ಟೆ ಉರಿಯದಿರುತ್ತದೆಯೇ? ಜಮೈಕಾದಲ್ಲಿ ಕಪ್ಪು ಜನರೇ ಬಹುಸಂಖ್ಯಾತರು, ಬಾವುಟವೂ ಅವರದೇ. ಅಲ್ಲಿ ಕೂತು ನೋಡಿದವರಿಗೆ ಅದೇ ಚಿತ್ರ ಬೇರೆ ಕಂಡಿದೆ.

ಈಗ ಪದಕ್ಕೆ ಬರುತ್ತೇನೆ. ‘ಅಪಹರಣ’, ‘ಕಳವು’ ಎಂದರೆ ವಾದ ಕೇಳುವ ಮೊದಲೇ ತೀರ್ಪು ಬರೆದಂತೆ. ಜಮೈಕಾದವರ ಮಾತಿಗೆ ಜಾಗವೇ ಉಳಿಯದು. ‘ಎರವಲು’ ಮೆದುವಾಯಿತು. ಎರವಲಿಗೆ ಮೊದಲು ಕೇಳಬೇಕು, ಆಮೇಲೆ ಹಿಂದಿರುಗಿಸಬೇಕು. ತುರುಬನ್ನು ಯಾರಿಗೆ ಹಿಂದಿರುಗಿಸುವುದು? ‘ಸ್ವಾಯತ್ತೀಕರಣ’ವನ್ನು ವಿಮರ್ಶೆಗಳಲ್ಲಿ ಕಂಡಿದ್ದೇನೆ, ಆದರೆ ನನ್ನ ಓದುಗರಿಗೆ ಮೊದಲು ನೆನಪಾಗುವುದು ಸ್ವಾಯತ್ತ ಕಾಲೇಜು. ‘ಆಪೋಶನ’ ನನಗೆ ತುಂಬ ಇಷ್ಟ. ಊಟಕ್ಕೆ ಮೊದಲು ಅಂಗೈಯಲ್ಲಿ ಹಿಡಿದು ಕುಡಿಯುವ ಗುಟುಕು ನೀರು, ಈಗ ಪೂರ್ತಿ ನುಂಗಿಹಾಕುವುದಕ್ಕೂ ಅದೇ ಮಾತು. ಆದರೆ ಅದನ್ನು ಕೇಳಿದರೆ ಸಮುದ್ರ ಕುಡಿದ ಅಗಸ್ತ್ಯರು ಕಣ್ಣಮುಂದೆ ಬರುತ್ತಾರೆ, ಒಂದು ಫೋಟೊಗೆ ಅಷ್ಟು ದೊಡ್ಡ ಬಾಯಿ ಬೇಡ.

ಸದ್ಯಕ್ಕೆ ‘ತನ್ನದಾಗಿಸಿಕೊಳ್ಳುವುದು’ ಎಂದು ಇಟ್ಟುಕೊಂಡಿದ್ದೇನೆ. ಸಿಟ್ಟಿನಿಂದಲೂ ಹೇಳಬಹುದು, ಪ್ರೀತಿಯಿಂದಲೂ ಹೇಳಬಹುದು. ವಾಕ್ಯದೊಳಗೆ ಸರಿಯಾಗಿ ಕೂರುತ್ತದೆ, ತಲೆಬರಹದಲ್ಲಿ ಕಾಲು ಹೊರಚಾಚುತ್ತದೆ.

ಇನ್ನೊಂದು ಸಣ್ಣ ಸಂಗತಿ: ‘ಕಪ್ಪು ಸಮುದಾಯ’ ಎಂದು ಏಕವಚನದಲ್ಲಿ ಬರೆದದ್ದನ್ನೆಲ್ಲ ‘ಸಮುದಾಯಗಳು’ ಎಂದು ತಿದ್ದುತ್ತಿದ್ದೇನೆ. ‘ಕರಿಯರು’ ಬೈಗುಳದ ಹಾಗೆ ಕೇಳಿಸುವುದರಿಂದ ಬಿಟ್ಟಿದ್ದೇನೆ.

ಚಿಕ್ಕದೊಂದು ನಾಮಪದ ಯಾರಿಗಾದರೂ ಹೊಳೆದೀತೇ? ನಿಮ್ಮ ಕಡೆಯ ಆಡುಮಾತಿನದಾದರೂ ಸರಿ.