ಭಾರ ಎತ್ತಲು ಶುರು ಮಾಡಿದ ಮೇಲೆ ತೂಕ ಏರಿದೆ, ನಿಮಗೂ ಹೀಗಾಗಿತ್ತೇ?

ತೂಕ ಇಳಿಸಬೇಕೆಂದು ಐದು ವಾರದ ಹಿಂದೆ ಭಾರ ಎತ್ತುವ ವ್ಯಾಯಾಮ ಆರಂಭಿಸಿದೆ. ವಾರಕ್ಕೆ ಮೂರು ದಿನ, ಒಂದು ದಿನವೂ ತಪ್ಪಿಸಿಲ್ಲ. 71 ಕಿಲೋ ಇದ್ದದ್ದು ಈಗ 72.8. ಊಟ ಮೊದಲಿನಷ್ಟೇ. "ಅದೆಲ್ಲ ಸ್ನಾಯು ಬಿಡಿ" ಎಂದು ತರಬೇತುದಾರರು ನಗುತ್ತಾರೆ. ನಂಬಲೋ, ನಿಲ್ಲಿಸಿಬಿಡಲೋ? ಅನುಭವ ಇರುವವರು ಹೇಳಿ.

—

ನಿಲ್ಲಿಸಬೇಡಿ. ನನಗೆ ಹತ್ತೇ ದಿನದಲ್ಲಿ ಒಂದೂವರೆ ಕಿಲೋ ಏರಿತ್ತು. ಆದರೆ ನಿಮ್ಮ ತರಬೇತುದಾರರ ಮಾತನ್ನೂ ಪೂರ್ತಿ ಒಪ್ಪಲಾರೆ. ಸ್ನಾಯು ಅಷ್ಟು ಬೇಗ ಬೆಳೆಯುವುದಿಲ್ಲ. ಮೊದಲ ವಾರಗಳಲ್ಲಿ ಏರುವುದರಲ್ಲಿ ದೊಡ್ಡ ಪಾಲು ನೀರು. ರೂಢಿಯಿಲ್ಲದ ಭಾರ ಎತ್ತಿದಾಗ ಸ್ನಾಯುವಿನ ಎಳೆಗಳಿಗೆ ಸಣ್ಣಪುಟ್ಟ ಪೆಟ್ಟು ಬೀಳುತ್ತದೆ, ಅದು ಮಾಯುವಾಗ ಅಲ್ಲಿ ನೀರು ತುಂಬಿಕೊಳ್ಳುತ್ತದೆ. ಬಸ್ಕಿ ಹೊಡೆದ ಎರಡನೆಯ ದಿನ ಮೆಟ್ಟಿಲು ಇಳಿಯುವಾಗ ತೊಡೆ ಹಿಡಿದುಕೊಳ್ಳುತ್ತದಲ್ಲ, ನನ್ನ ತೂಕದ ಮುಳ್ಳು ಮೇಲೇರುತ್ತಿದ್ದುದೂ ಅದೇ ದಿನಗಳಲ್ಲಿ. ಇನ್ನೊಂದು, ಗ್ಲೈಕೋಜನ್. ದುಡಿಯುವ ಸ್ನಾಯು ಇದನ್ನು ಇಂಧನವಾಗಿ ಹೆಚ್ಚು ಹೆಚ್ಚು ಕೂಡಿಡಲು ಕಲಿಯುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು 3 ಗ್ರಾಂ ನೀರೂ ಬಂದು ಕೂರುತ್ತದೆ.

ಅಂದ ಹಾಗೆ, ಕ್ರಿಯಾಟಿನ್ (ಭಾರ ಎತ್ತುವವರು ಶಕ್ತಿ ಹೆಚ್ಚಲೆಂದು ಸೇವಿಸುವ ಪೂರಕ) ತೆಗೆದುಕೊಳ್ಳುತ್ತಿದ್ದೀರಾ? ಅದರಿಂದಲೇ ಒಂದೆರಡು ಕಿಲೋ ನೀರು ಸೇರಬಹುದು.

—

ಟೇಪು ತೆಗೆದುಕೊಳ್ಳಿ. ನಾಲ್ಕು ತಿಂಗಳಲ್ಲಿ ನನ್ನ ತೂಕ ಅರ್ಧ ಕಿಲೋ ಹೆಚ್ಚಾಯಿತು, ಸೊಂಟ 5 ಸೆಂಟಿಮೀಟರ್ ಇಳಿಯಿತು. ಒಂದೇ ತೂಕದ ಕೊಬ್ಬಿಗಿಂತ ಸ್ನಾಯು ಕಡಿಮೆ ಜಾಗ ಹಿಡಿಯುತ್ತದೆ, ಅಷ್ಟೇ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಹೊಕ್ಕುಳ ಮಟ್ಟದಲ್ಲಿ, ಉಸಿರು ಬಿಟ್ಟ ಮೇಲೆ ಅಳೆಯಿರಿ. ಹೊಟ್ಟೆ ಎಳೆದುಕೊಳ್ಳಬೇಡಿ. ನಾನು ಮೊದಲ ವಾರ ಎಳೆದುಕೊಂಡು ಅಳೆದೆ, ಎರಡನೆಯ ವಾರ ಮರೆತೆ, ದಪ್ಪಗಾಗಿದ್ದೇನೆಂದು ಬೆಚ್ಚಿಬಿದ್ದೆ! ಹೆಣ್ಣುಮಕ್ಕಳಾದರೆ ಇನ್ನೊಂದು ಮಾತು: ಮುಟ್ಟಿಗೆ ಮುಂಚಿನ ದಿನಗಳ ತೂಕವನ್ನು ಮುಗಿದ ಮೇಲಿನ ತೂಕದೊಂದಿಗೆ ಹೋಲಿಸಬೇಡಿ. ಹೋದ ತಿಂಗಳ ಅದೇ ದಿನಗಳೊಂದಿಗೆ ಹೋಲಿಸಿ.

ಕೊಬ್ಬಿನ ಶೇಕಡಾವಾರು ತೋರಿಸುವ ಯಂತ್ರಕ್ಕೆ ದುಡ್ಡು ಹಾಕಬೇಡಿ. ನೀರು ಕುಡಿಯುವ ಮೊದಲು ಒಂದು ಲೆಕ್ಕ, ಕುಡಿದ ಮೇಲೆ ಇನ್ನೊಂದು.

—

ಎಲ್ಲರೂ ಸಮಾಧಾನ ಹೇಳುತ್ತಿದ್ದೀರಿ, ನನ್ನದು ಬೇರೆ ಕಥೆ. ಮೂರು ತಿಂಗಳಲ್ಲಿ ನಾಲ್ಕು ಕಿಲೋ ಏರಿದೆ, "ಸ್ನಾಯು" ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗಿದೆ. ಪ್ಯಾಂಟಿನ ಗುಂಡಿ ಹಾಕಲು ಬಾರದ ದಿನ ಬಾಯಿ ಮುಚ್ಚಿತು. ವ್ಯಾಯಾಮ ಮುಗಿದರೆ ವಿಪರೀತ ಹಸಿವು; "ಇಷ್ಟು ಬೆವರು ಹರಿಸಿದ್ದೇನಲ್ಲ" ಎಂದು ಇನ್ನೊಮ್ಮೆ ಬಡಿಸಿಕೊಳ್ಳುತ್ತಿದ್ದೆ. ಆಗ ಯಾರಾದರೂ ಕೇಳಿದ್ದರೆ ನಾನೂ "ಊಟ ಮೊದಲಿನಷ್ಟೇ" ಎಂದೇ ಹೇಳುತ್ತಿದ್ದೆ. ಒಂದು ವಾರ ತಿಂದದ್ದನ್ನೆಲ್ಲ ಬರೆದಿಟ್ಟು ನೋಡಿ. ಸೊಂಟವೂ ತೂಕವೂ ಜೊತೆಜೊತೆಗೆ ಏರುತ್ತಿದ್ದರೆ ಅದು ಸ್ನಾಯುವಲ್ಲ.

—

ಚುಟುಕಾಗಿ: ಎರಡು ಮೂರು ದಿನದಲ್ಲಿ ತೂಕ ದಿಢೀರನೆ ಏರಿ, ಪಾದ ಊದಿ, ಮಲಗಿದರೆ ಉಸಿರು ಕಟ್ಟುವಂತಾದರೆ ಟೇಪು ಹುಡುಕುತ್ತಾ ಕೂರಬೇಡಿ, ಕೂಡಲೇ ವೈದ್ಯರ ಬಳಿಗೆ ಹೋಗಿ.

—

ಕೇಳಿದವನು ನಾನೇ. ಪಾದ ಊದಿಲ್ಲ, ಉಸಿರಾಟ ಚೆನ್ನಾಗಿದೆ. ಐದು ವಾರದ ಹಿಂದಿನ ಸೊಂಟದ ಅಳತೆ ನನ್ನ ಬಳಿ ಇಲ್ಲ. ಇವತ್ತಿನದು 88, ಹೊಟ್ಟೆ ಎಳೆದುಕೊಳ್ಳದೆ. ಮತ್ತೆ, ಕ್ರಿಯಾಟಿನ್... ಹೌದು, ಎರಡನೆಯ ವಾರದಿಂದ. ಅದನ್ನು ಹೇಳಬೇಕೆಂದೇ ಹೊಳೆದಿರಲಿಲ್ಲ.